ಸ್ಪ್ರಿಂಗ್‌ಸ್ಟೀನ್ ಎತ್ತಿಟ್ಟಿದ್ದ ಹಾಡುಗಳು ಅಂದೇ ಮುಗಿದಿದ್ದವೇ, ಈಗ ಜೋಡಿಸಿದ್ದೇ?

ಪ್ರಶ್ನೆ (ಬಳ್ಳಾರಿಯಿಂದ):
ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಟ್ರ್ಯಾಕ್ಸ್ 2: ದ ಲಾಸ್ಟ್ ಆಲ್ಬಮ್ಸ್’ 2025ರ ಜೂನ್‌ನಲ್ಲಿ ಹೊರಬಂದಿದ್ದು, 1983ರಿಂದ 2018ರವರೆಗೆ ಮುದ್ರಿಸಿ ತೆಗೆದಿಟ್ಟಿದ್ದ 83 ಹಾಡುಗಳು ಏಳು ಆಲ್ಬಮ್‌ಗಳಾಗಿ ಅದರಲ್ಲಿವೆ. ಬ್ಯಾಂಡನ್ನು ಬಿಟ್ಟು ಅವರು ಹೆಚ್ಚುಕಡಿಮೆ ಒಬ್ಬರೇ ಕುಳಿತು ಮಾಡಿದ ‘ಸ್ಟ್ರೀಟ್ಸ್ ಆಫ್ ಫಿಲಡೆಲ್ಫಿಯಾ ಸೆಷನ್ಸ್’ ನನಗೆ ಬಹಳ ಹಿಡಿಸಿತು. ಇವೆಲ್ಲ ಅಂದೇ ಪೂರ್ತಿಯಾಗಿದ್ದವೇ, ಅಥವಾ ಈಗ ತೇಪೆ ಹಾಕಿ ಹೊರಬಿಟ್ಟಿದ್ದಾರೆಯೇ?

ಇನ್ನೊಂದು ಸಂದೇಹವಿದೆ. ಕೌಲ್ ಬಜಾರಿನ ನಮ್ಮ ಮನೆಯ ಟ್ರಂಕಿನಲ್ಲಿ, ದೊಡ್ಡಪ್ಪನ ಮಗ ನಾಲ್ಕು ಟ್ರ್ಯಾಕಿನ (ದನಿ, ವಾದ್ಯಗಳನ್ನು ಒಂದೇ ಟೇಪಿನ ನಾಲ್ಕು ಸಾಲುಗಳಲ್ಲಿ ಬೇರೆ ಬೇರೆಯಾಗಿ ಮುದ್ರಿಸುವ) ಯಂತ್ರದಲ್ಲಿ ಗಿಟಾರ್ ನುಡಿಸಿ ಹಾಡಿದ ಕ್ಯಾಸೆಟ್ ಸಿಕ್ಕಿದೆ. ಮನೆಯ ಟೇಪ್ ರೆಕಾರ್ಡರಿನಲ್ಲಿ ದನಿ ಎಳೆದೆಳೆದು ಗೊಗ್ಗರಾಗಿ ಕೇಳುತ್ತದೆ. ಮಗುಚಿ ಹಾಕಿದರೆ ಹಾಡು ಹಿಂದುಮುಂದಾಗುತ್ತದೆ. ಟೇಪು ಕೆಟ್ಟಿದೆಯೇ?

ಉತ್ತರ (ರಾಯಚೂರಿನಿಂದ):
ಏಳೂ ಒಂದೇ ಬಗೆಯವಲ್ಲ ಸರ್. ಫಿಲಡೆಲ್ಫಿಯಾ ಆಲ್ಬಮ್ 1995ರಲ್ಲಿ ಬಿಡುಗಡೆಯಾಗುವಷ್ಟು ಸಿದ್ಧವಾಗಿತ್ತು. ಗಂಡು ಹೆಣ್ಣಿನ ಸಂಬಂಧದ ಮೇಲೆಯೇ ಸತತವಾಗಿ ನಾಲ್ಕನೆಯ ಆಲ್ಬಮ್ ಆಗುತ್ತದೆಂದು ಅವರೇ ಅದನ್ನು ತಡೆಹಿಡಿದು, ಹಳೆಯ ಬ್ಯಾಂಡಿನವರನ್ನು ಮತ್ತೆ ಕೂಡಿಸಿಕೊಂಡರು. ‘ಪರ್ಫೆಕ್ಟ್ ವರ್ಲ್ಡ್’ ಮಾತ್ರ ಬೇರೆ ಬೇರೆ ಕಾಲದ ಹಾಡುಗಳನ್ನು ಆರಿಸಿ ಜೋಡಿಸಿದ್ದು. ಉಳಿದ ಕೆಲಸವನ್ನು ಕೋವಿಡ್ ಕಾಲದಲ್ಲಿ ಸ್ವತಃ ಕುಳಿತು ಮುಗಿಸಿದರು. ಹಾಡಿದವರೇ ಮುಗಿಸಿದ್ದರಿಂದ ಇದನ್ನು ತೇಪೆ ಎನ್ನಲು ನನಗೆ ಮನಸ್ಸಿಲ್ಲ. ತೇಪೆ ಎಂದರೆ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ರ ವಿಷಯದಲ್ಲಿ ಆದದ್ದು: ಅವರು 1970ರಲ್ಲಿ ತೀರಿಕೊಂಡ ಮೇಲೆ, 1975ರ ‘ಕ್ರ್ಯಾಶ್ ಲ್ಯಾಂಡಿಂಗ್’ ಆಲ್ಬಮ್‌ಗಾಗಿ ನಿರ್ಮಾಪಕ ಅಲನ್ ಡಗ್ಲಸ್ ಮೂಲ ಪಕ್ಕವಾದ್ಯಗಳನ್ನು ಅಳಿಸಿ, ಬೇರೆಯವರಿಂದ ನುಡಿಸಿ ತುಂಬಿಸಿದರು.

ಉತ್ತರ (ಕೊಪ್ಪಳದಿಂದ):
ನೀವು ಹೇಳಿದ ಲಕ್ಷಣ ನೋಡಿದರೆ ಟೇಪು ಕೆಟ್ಟಿರಲಾರದು. ಸಾಮಾನ್ಯ ಕ್ಯಾಸೆಟ್ ಸೆಕೆಂಡಿಗೆ ಸುಮಾರು 4.76 ಸೆಂ.ಮೀ. ಓಡುತ್ತದೆ, ನಾಲ್ಕು ಟ್ರ್ಯಾಕಿನ ಹಲವು ಯಂತ್ರಗಳು ಅದರ ಎರಡರಷ್ಟು ವೇಗದಲ್ಲಿ, ಎರಡೂ ಮಗ್ಗುಲಿನ ಜಾಗವನ್ನು ಒಂದೇ ದಿಕ್ಕಿನಲ್ಲಿ ಬಳಸಿ ಮುದ್ರಿಸುತ್ತವೆ. ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ‘ನೆಬ್ರಾಸ್ಕಾ’ ಆಲ್ಬಮ್ಮಿನ ಹಾಡುಗಳನ್ನು ಹಾಡಿದ್ದೂ ಅಂಥದೇ ಟಿಯಾಕ್ 144 ಯಂತ್ರದಲ್ಲಿ. ಅದರ ಮಿಶ್ರಣದ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಿದರಂತೆ. ಬ್ಯಾಂಡಿನೊಂದಿಗೆ ಮತ್ತೆ ನುಡಿಸಿದ್ದು ಮನಸ್ಸಿಗೆ ಬಾರದೆ, ಕೊನೆಗೆ ಆ ಕ್ಯಾಸೆಟ್ಟಿನಿಂದಲೇ ಸೆಪ್ಟೆಂಬರಿನಲ್ಲಿ ಆಲ್ಬಮ್ ತಂದರು. ಬ್ಯಾಂಡಿನ ಆ ಪ್ರಯತ್ನಗಳೂ 2025ರ ಅಕ್ಟೋಬರಿನಲ್ಲಿ ಹೊರಬಂದಿವೆ, ಮತ್ತು ಅವನ್ನು ಕೇಳಿದ ಮೇಲೆ ಕ್ಯಾಸೆಟ್ಟನ್ನೇ ಆರಿಸಿದ್ದು ಸರಿ ಎಂದು ನನಗನ್ನಿಸಿತು.

ನಿಮ್ಮ ಕ್ಯಾಸೆಟ್ಟಿನ ಎರಡೂ ಮಗ್ಗುಲುಗಳನ್ನು ಕಂಪ್ಯೂಟರಿಗೆ ಇಳಿಸಿ, ವೇಗವನ್ನು ಇಮ್ಮಡಿಗೊಳಿಸಿ, ಎರಡನೆಯ ಮಗ್ಗುಲನ್ನು ತಿರುಗುಮುರುಗು ಮಾಡಿ ಹೊಂದಿಸಿದರೆ ನಾಲ್ಕೂ ಟ್ರ್ಯಾಕುಗಳು ಸಿಗುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಮ್ಮಲ್ಲಿರುವುದು ಒಂದೇ ಸ್ಪೀಕರಿನ ಹಳೆಯ ಟೇಪ್ ರೆಕಾರ್ಡರು, ಅದರಲ್ಲಿ ಆದೀತೇ?

ಉತ್ತರ (ಕೊಪ್ಪಳದಿಂದ):
ಆಗದು. ಅದು ಎರಡು ಟ್ರ್ಯಾಕುಗಳನ್ನು ಬೆರೆಸಿಬಿಡುತ್ತದೆ. ಗಿಟಾರೂ ದನಿಯೂ ಬೇರೆಯಾಗಿ ಬೇಕಿದ್ದರೆ ಎಡ ಬಲದ ದನಿಯನ್ನು ಬೇರೆಯಾಗಿ ಕೊಡುವ ಸ್ಟೀರಿಯೊ ಡೆಕ್ ಹುಡುಕಿ, ಅದರ ಹೆಡ್ಡನ್ನು (ಟೇಪನ್ನು ಓದುವ ಭಾಗವನ್ನು) ಒರೆಸಿದ ಮೇಲೆಯೇ ಕ್ಯಾಸೆಟ್ ಹಾಕಿ.