ಬಿಲ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೊಡಲೇಬೇಕಾ?

ಸವಿತಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಹೋದ ವಾರ ಮಗಳ ಜೊತೆ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ದೆ. ಹಬ್ಬದ ಡಿಸ್ಕೌಂಟ್, ಕೌಂಟರ್ ಮುಂದೆ ಉದ್ದ ಕ್ಯೂ. ನಮ್ಮ ಸರದಿ ಬಂದಾಗ ಬಿಲ್ ಮಾಡುವ ಹುಡುಗಿ ಮೊದಲು ಕೇಳಿದ್ದೇ ಮೊಬೈಲ್ ನಂಬರ್. ನಾನು ಪರ್ಸ್‌ನಲ್ಲಿ ಕಾರ್ಡ್ ಹುಡುಕುತ್ತಿದ್ದೆ, ಮಗಳು ತನ್ನ ನಂಬರ್ ಹೇಳಿದಳು. ಗಲಾಟೆಯಲ್ಲಿ ಕೇಳಿಸಲಿಲ್ಲ ಅಂತ ಇನ್ನೊಮ್ಮೆ ಜೋರಾಗಿ ಹೇಳಿಸಿದರು. ಸಾಲದ್ದಕ್ಕೆ ಗಿರಾಕಿಗಳ ಕಡೆ ತಿರುಗಿಸಿಟ್ಟ ಸ್ಕ್ರೀನ್ ಮೇಲೂ ಹತ್ತೂ ಅಂಕಿ ದಪ್ಪಗೆ ಬಂತು.

ರಾತ್ರಿ ಊಟಕ್ಕೆ ಕೂತಾಗ ಅವಳ ವಾಟ್ಸಾಪ್‌ಗೆ ಮೆಸೇಜ್: "ಹಾಯ್, ಹಸಿರು ಚೂಡಿದಾರ್ ನೀವೇ ತಾನೆ?" ಮಗಳ ಮುಖ ಬಿಳಿಚಿಕೊಂಡಿತು. ಕ್ಯೂನಲ್ಲಿ ನಿಂತಿದ್ದ ಯಾರೋ ನಂಬರ್ ಕೇಳಿಸಿಕೊಂಡಿದ್ದಾರೆ ಅಷ್ಟೆ.

ಎರಡು ದಿನ ಬಿಟ್ಟು ಅಳತೆ ಬದಲಾಯಿಸಲು ಅದೇ ಅಂಗಡಿಗೆ ಹೋದೆ. ಇನ್ನೊಂದು ಸಾಮಾನೂ ತಗೊಂಡೆ, ನಂಬರ್ ಕೊಡಲ್ಲ ಅಂದೆ. "ಸಿಸ್ಟಮ್ ತಗೊಳ್ಳಲ್ಲ ಮೇಡಂ, ನಂಬರ್ ಇಲ್ದೆ ಬಿಲ್ ಆಗಲ್ಲ" ಅಂದರು. ಹಿಂದಿನವರು ಗೊಣಗಲು ಶುರು ಮಾಡಿದರು. ನಿಜವಾಗಲೂ ಆಗಲ್ವಾ? ಕೊಡದೇ ಇರೋ ಹಕ್ಕು ನಮಗೆ ಇದೆಯಾ?

ಮಂಜುನಾಥ, ಹುಬ್ಬಳ್ಳಿ

ಅಕ್ಕಾ, ನಾನು ಒಂದು ಸೂಪರ್ ಮಾರ್ಕೆಟ್‌ನಲ್ಲಿ ಕ್ಯಾಶ್ ಕೌಂಟರಿನಲ್ಲಿ ಇದ್ದವನು. ಒಳಗಿನ ಕಥೆ ಹೇಳ್ತೀನಿ.

ನಮ್ಮ ಸಿಸ್ಟಮ್‌ನಲ್ಲಿ ನಂಬರ್ ಜಾಗ ಖಾಲಿ ಬಿಟ್ಟರೆ ಮುಂದೆ ಹೋಗ್ತಿರಲಿಲ್ಲ, ಅದು ನಿಜ. ಆದರೆ ಅಲ್ಲಿ ಒಂಬತ್ತನ್ನೇ ಹತ್ತು ಸಲ ಒತ್ತಿದರೂ ಅದು ಸುಮ್ನೆ ಒಪ್ಪಿಕೊಳ್ತಿತ್ತು. ಕಟ್ಟಿಹಾಕ್ತಿದ್ದದ್ದು ಸಿಸ್ಟಮ್ ಅಲ್ಲ, ಟಾರ್ಗೆಟ್. ನೂರು ಬಿಲ್‌ನಲ್ಲಿ ಎಷ್ಟಕ್ಕೆ ನಂಬರ್ ಬಂತು ಅಂತ ಪ್ರತಿ ಕೌಂಟರಿನ ಲೆಕ್ಕ ಮ್ಯಾನೇಜರ್ ಹತ್ತಿರ ಇರುತ್ತಿತ್ತು. ಕಡಿಮೆಯಾದರೆ ಸಂಜೆ ಎಲ್ಲರ ಎದುರು ಬೈಗುಳ. ಒಂಬತ್ತು ಜಾಸ್ತಿ ಒತ್ತಿದವನಿಗೆ ಇನ್ನೂ ಜಾಸ್ತಿ. ಆದ್ದರಿಂದ ಆ ಹುಡುಗಿ ಮೇಲೆ ಸಿಟ್ಟು ಬೇಡ, ಅವಳ ಕೈಯಲ್ಲಿ ಏನೂ ಇಲ್ಲ.

ಉಪಾಯ ಏನಂದ್ರೆ, ಮೊದಲ ಸಾಮಾನು ಸ್ಕ್ಯಾನ್ ಆಗೋಕೆ ಮುಂಚೆಯೇ ಹೇಳಿಬಿಡಿ: "ನಂಬರ್ ಇಲ್ಲದೆ ಬಿಲ್ ಮಾಡಮ್ಮ, ಪೇಪರ್ ಬಿಲ್ ಕೊಡು." ನಗುತ್ತಾ ಹೇಳಿ. ಎಲ್ಲ ಸ್ಕ್ಯಾನ್ ಆದಮೇಲೆ ಜಗಳ ತೆಗೆದರೆ ನಮ್ಮಲ್ಲಿ ಬಿಲ್ ಕ್ಯಾನ್ಸಲ್ ಮಾಡೋಕೆ ಸೂಪರ್‌ವೈಸರ್ ಬರಬೇಕಿತ್ತು, ಕ್ಯೂ ನಿಲ್ತಿತ್ತು, ಎಲ್ಲರ ಕಣ್ಣು ಗಿರಾಕಿ ಮೇಲೆ. ಆ ಮುಜುಗರಕ್ಕೇ ಹೆಚ್ಚಿನವರು ನಂಬರ್ ಹೇಳಿಬಿಡ್ತಿದ್ದರು.

ಅಳತೆ ಬದಲಾಯಿಸೋಕೆ ಬಿಲ್ ಮತ್ತು ಟ್ಯಾಗ್ ಇದ್ದರೆ ಸಾಕಿತ್ತು. ನಂಬರ್ ಇದ್ದರೆ ಹಳೇ ಬಿಲ್ ಹುಡುಕೋದು ಸುಲಭ, ಅಷ್ಟೇ.

ರಾಮಣ್ಣ

ನಂಬರ್ ಯಾರ ಹತ್ತಿರ ಇಲ್ಲ ಹೇಳಿ? ಗ್ಯಾಸಿನವನ ಹತ್ತಿರ ಇದೆ, ಕೊರಿಯರ್‌ನವನ ಹತ್ತಿರ ಇದೆ. ನನಗಂತೂ ಪಾಯಿಂಟ್ಸ್‌ನಲ್ಲಿ ಎಣ್ಣೆ ಮೇಲೆ ಸ್ವಲ್ಪ ಉಳಿಯುತ್ತೆ. ಇಷ್ಟಕ್ಕೆಲ್ಲ ಹೆದರಿದರೆ ಹೇಗೆ?

ಶೈಲಜಾ, ವಕೀಲೆ, ತುಮಕೂರು

ರಾಮಣ್ಣನವರೇ, ಪಾಯಿಂಟ್ಸ್ ಬೇಕು ಅಂತ ನೀವಾಗಿ ಕೊಟ್ಟರೆ ಅದು ನಿಮ್ಮಿಷ್ಟ. ಕೊಡದಿದ್ದರೆ ಬಿಲ್ಲೇ ಇಲ್ಲ ಅನ್ನೋದು ಬೇರೆ ಮಾತು.

2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದೇ ವಿಷಯಕ್ಕೆ ವ್ಯಾಪಾರಿ ಸಂಘಟನೆಗಳಿಗೆ ಸೂಚನೆ ಕಳಿಸಿತು: ನಂಬರ್ ಕೊಡಿ ಅಂತ ಗಿರಾಕಿಯನ್ನು ಒತ್ತಾಯಿಸಬೇಡಿ. ಅದು ಸಲಹೆಯೇ ಹೊರತು ಹೊಸ ಕಾನೂನಲ್ಲ. ಆದರೆ ಅದರ ಹಿಂದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಬಿಲ್ ಕೊಡದಿರುವುದು, ಗಿರಾಕಿ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ದಾಟಿಸುವುದು, ಎರಡೂ ಅದರ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

"ಜಿಎಸ್‌ಟಿಗೆ ಬೇಕು" ಅಂತಲೂ ಕೆಲವರು ಹೇಳುತ್ತಾರೆ. ನಂಬಬೇಡಿ. ನಮ್ಮಂಥ ಸಾಮಾನ್ಯ ಗಿರಾಕಿಯ ಬಿಲ್ 50,000 ರೂಪಾಯಿ ಮುಟ್ಟಿದರೆ ಹೆಸರು, ವಿಳಾಸ ಬರೆಯಬೇಕು. 2 ಲಕ್ಷ ದಾಟಿದರೆ ಆದಾಯ ತೆರಿಗೆ ನಿಯಮದ ಪ್ರಕಾರ ಪ್ಯಾನ್. ಮೊಬೈಲ್ ನಂಬರಿನ ಮಾತು ಅಲ್ಲಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಂತೂ ಔಷಧಿ ಅಂಗಡಿಯದೇ ಉದಾಹರಣೆ ಇದೆ. ಗಿರಾಕಿ ತಾನಾಗಿ ನಂಬರ್ ಕೊಟ್ಟು ರಸೀದಿ ಮೆಸೇಜ್ ಮಾಡಿ ಅಂದರೆ, ಅಂಗಡಿ ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ಆ ಕೆಲಸಕ್ಕೆ ಅಂತ ಕೊಟ್ಟದ್ದು ಆ ಕೆಲಸಕ್ಕೇ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಅಂಗಡಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಅಂದಹಾಗೆ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಯಾರ ಅರ್ಜಿಯ ಮೇಲೆ ಗೊತ್ತಲ್ಲ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರದು.

ಸವಿತಾ ಅವರೇ, ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. "ಮೆಸೇಜ್ ಮಾಡಬೇಡಿ" ಅಂತ ಒಮ್ಮೆ ಸ್ಪಷ್ಟವಾಗಿ ಬರೆಸಿ, ಬ್ಲಾಕ್ ಮಾಡಿಸಿ. ಆಮೇಲೂ ಬೇರೆ ನಂಬರಿನಿಂದ ಕಾಡಿದರೆ ಹೆಣ್ಣುಮಕ್ಕಳನ್ನು ಬೆನ್ನುಹತ್ತಿ ಕಾಡುವುದನ್ನು ಅಪರಾಧ ಅನ್ನುವ ಭಾರತೀಯ ನ್ಯಾಯ ಸಂಹಿತೆಯ ಕಲಂ 78 ಅನ್ವಯವಾಗುತ್ತದೆ. ಠಾಣೆಗೆ ಹೋಗಲು ಹಿಂಜರಿಯಬೇಡಿ.

ಪ್ರಕಾಶ್, ಮೆಡಿಕಲ್ ಶಾಪ್, ಶಿವಮೊಗ್ಗ

ಮೇಡಂ ಔಷಧಿ ಅಂಗಡಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್1 ಪಟ್ಟಿಯ ಮಾತ್ರೆಗಳಿಗೆ ರೋಗಿಯ ಹೆಸರು, ಚೀಟಿ ಬರೆದ ಡಾಕ್ಟರ ಹೆಸರು-ವಿಳಾಸ ನಾವು ರಿಜಿಸ್ಟರಿನಲ್ಲಿ ಬರೆಯಲೇಬೇಕು, ಮೂರು ವರ್ಷ ಇಡಬೇಕು. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮೊಬೈಲ್ ನಂಬರ್ ಅದರಲ್ಲಿ ಬರಲ್ಲ.

ರಾಮಣ್ಣನವರಿಗೆ ಒಂದು ಮಾತು. ಒಂದು ನಂಬರ್ ಹಾಕಿದರೆ ನನ್ನ ಕಂಪ್ಯೂಟರಿನಲ್ಲಿ ಆ ಮನೆಯ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ. ಯಾರಿಗೆ ಶುಗರ್, ಯಾರು ನಿದ್ದೆ ಮಾತ್ರೆ ತಗೋತಾರೆ, ಯಾವ ತಿಂಗಳು ಪ್ರೆಗ್ನೆನ್ಸಿ ಕಿಟ್ ಹೋಯಿತು, ಎಲ್ಲ. ಕೆಲಸಕ್ಕಿರುವ ಹುಡುಗರೂ ಅದನ್ನು ನೋಡಬಹುದು. ಅದೇ ಊರಿನ ಹುಡುಗರು. ಎಣ್ಣೆ ಪ್ಯಾಕೆಟ್ಟಿನ ಲೆಕ್ಕ ಬೇರೆ, ಇದು ಬೇರೆ. ನಾನು ಈಗ ತಿಂಗಳ ಮಾತ್ರೆ ನೆನಪಿಸಿ ಅಂದವರ ನಂಬರ್ ಮಾತ್ರ ಇಟ್ಟುಕೊಂಡಿದ್ದೇನೆ.

ಸವಿತಾ, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಮಂಜುನಾಥ್ ಹೇಳಿದ ಹಾಗೇ ಇವತ್ತು ದಿನಸಿ ಅಂಗಡಿಯಲ್ಲಿ ಮೊದಲೇ ಹೇಳಿದೆ. ಹುಡುಗ ತಲೆ ಎತ್ತಿಯೂ ನೋಡಲಿಲ್ಲ, ಏನೋ ಒತ್ತಿದ, ಬಿಲ್ ಬಂತು. ಆದರೆ ಯುಪಿಐನಲ್ಲಿ ದುಡ್ಡು ಕಳಿಸುವಾಗ ಗಮನಿಸಿದೆ, ನನ್ನ ಐಡಿಯಲ್ಲೇ ಮೊಬೈಲ್ ನಂಬರ್ ಇದೆ! ಇದನ್ನೇನು ಮಾಡೋದು?

ಮಂಜುನಾಥ, ಹುಬ್ಬಳ್ಳಿ

ಹೆಚ್ಚಿನ ಆ್ಯಪ್‌ಗಳಲ್ಲಿ ಪ್ರೊಫೈಲ್ ಒಳಗೆ ಯುಪಿಐ ಐಡಿ ಅಂತ ಇರುತ್ತೆ ಅಕ್ಕಾ, ಅಲ್ಲಿ ನಂಬರ್ ಇಲ್ಲದ ಹೊಸ ಐಡಿ ಮಾಡಿಕೊಳ್ಳಬಹುದು. ಹೆಸರು ಮಾತ್ರ ಬ್ಯಾಂಕಿನಲ್ಲಿ ಇರೋದೇ ಕಾಣುತ್ತೆ. ಹಾಗೇ ಮಗಳ ವಾಟ್ಸಾಪ್‌ನಲ್ಲಿ ಪ್ರೊಫೈಲ್ ಫೋಟೋ ಕಾಂಟ್ಯಾಕ್ಟ್‌ನಲ್ಲಿ ಇರೋರಿಗೆ ಮಾತ್ರ ಕಾಣೋ ಹಾಗೆ ಇಡಿಸಿ. ಫೋಟೋ ಕಾಣದಿದ್ದರೆ ನಂಬರ್ ಯಾರದ್ದು ಅಂತ ಖಚಿತ ಮಾಡಿಕೊಳ್ಳೋದು ಅಷ್ಟು ಸುಲಭ ಅಲ್ಲ.