ಪದಚರ್ಚೆ: ಕಡಲ ಮೇಲಿನ ‘ಡ್ರಮ್ಯಾಟಿಕ್ ಸ್ಕೈ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕರಾವಳಿಯ ಫೋಟೊಗಳ ಒಂದು ಸಣ್ಣ ಪ್ರದರ್ಶನಕ್ಕೆ ಅಡಿಬರಹ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಚ್ಚಿನವು ಮಳೆಗಾಲದ ಮರವಂತೆಯವು. ತೆಗೆದವರೆಲ್ಲ ‘ಡ್ರಮ್ಯಾಟಿಕ್ ಸ್ಕೈ’ ಅಂತಲೇ ಬರೆದು ಕಳಿಸಿದ್ದಾರೆ. ಒಬ್ಬರು ಮಾತ್ರ ಕನ್ನಡದಲ್ಲಿ ಬರೆಯುವ ಮನಸ್ಸು ಮಾಡಿ ‘ನಾಟಕೀಯ ಆಕಾಶ’ ಎಂದಿದ್ದಾರೆ. ಅವರ ಉತ್ಸಾಹಕ್ಕೆ ನಮಸ್ಕಾರ, ಆದರೆ ಪದ ಒಗ್ಗುತ್ತಿಲ್ಲ.

ನಾಟಕೀಯ ಅನ್ನುವುದನ್ನು ನಾವು ಹೆಚ್ಚಾಗಿ ಕೇಳುವುದು ರಾಜಕೀಯ ಸುದ್ದಿಯಲ್ಲಿ: ‘ನಾಟಕೀಯ ಬೆಳವಣಿಗೆ’. ಇಲ್ಲದಿದ್ದರೆ ಸುಮ್‌ಸುಮ್ನೆ ಅಳುವವರನ್ನು ಕಂಡಾಗ. ಜೂನ್ ತಿಂಗಳ ಮರವಂತೆಯ ಬಾನು ಯಾವ ನಾಟಕವನ್ನೂ ಆಡುತ್ತಿರುವುದಿಲ್ಲ, ನಿಜಕ್ಕೂ ಮಳೆ ಬರುತ್ತದೆ. ‘ರುದ್ರರಮಣೀಯ’ ಇದೆಯಲ್ಲ ಎಂದು ಯಾರಾದರೂ ಹೇಳುತ್ತೀರಿ, ಗೊತ್ತು. ಜೋಗದ ಮೇಲೆ ಹಾಕಿ ಹಾಕಿ ಅದನ್ನು ಪೂರ್ತಿ ಸವೆಸಿದ್ದೇವೆ. ಒಂದು ಗೋಡೆಯ ತುಂಬ ಅದನ್ನೇ ಬರೆದರೆ ಯಾರೂ ಓದುವುದಿಲ್ಲ.

ನನಗನಿಸುವುದು ಇಷ್ಟು. ಬಾನಿನ ಮುಂದೆ ಅಂಟಿಸುವ ಗುಣಪದವನ್ನು ಹುಡುಕುವುದೇ ಬೇಡ. ಮೋಡ ಏನು ಮಾಡುತ್ತಿದೆ ಅಂತ ಹೇಳುವುದು ಕನ್ನಡದ ರೂಢಿ. ಅದಕ್ಕೆ ಬೇಕಾದಷ್ಟು ಕ್ರಿಯಾಪದಗಳಿವೆ. ಅವುಗಳ ನಡುವಿನ ವ್ಯತ್ಯಾಸ ಕ್ಯಾಮೆರಾ ಹಿಡಿದವರಿಗೆ ಕೆಲಸಕ್ಕೂ ಬರುತ್ತದೆ.

ಮೋಡ ‘ಕವಿದಿದೆ’ ಅಂದರೆ ಬಾನೆಲ್ಲ ಒಂದೇ ಬೂದು. ಅಂಚಿಲ್ಲ, ನೆರಳಿಲ್ಲ. ಅಂಥ ದಿನ ಚಿತ್ರದಲ್ಲಿ ಬಾನಿಗೆ ಕಾಲು ಭಾಗ ಕೊಟ್ಟರೂ ಜಾಸ್ತಿಯೇ. ‘ಕಟ್ಟಿದೆ’ ಅಂದರೆ ಕಥೆಯೇ ಬೇರೆ. ಅಲ್ಲಿ ರಾಶಿ ಇದೆ, ತಳ ಕಪ್ಪಗೆ, ತಲೆ ಬೆಳ್ಳಗೆ, ಮಳೆ ಇನ್ನೂ ಬಿದ್ದಿಲ್ಲ. ಈಗ ಕಡಲಿಗೆ ಒಂದು ಪಟ್ಟಿ ಸಾಕು, ಉಳಿದದ್ದೆಲ್ಲ ಬಾನಿಗೆ ಬಿಡಬಹುದು. ‘ದಟ್ಟೈಸಿದೆ’ ಅಂದರೆ ಕ್ಯಾಮೆರಾ ಚೀಲದೊಳಗೆ ಹೋಗುವ ಹೊತ್ತಾಯಿತು.

ಇವೆಲ್ಲದಕ್ಕಿಂತ ನನಗೆ ಇಷ್ಟವಾದ ಪದ ‘ಹೊಳವು’. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಿಡದೆ ಹೊಯ್ಯುವ ಮಳೆ ನಡುವೆ ಒಂದಿಷ್ಟು ಹೊತ್ತು ನಿಂತು ಬೆಳಕಾದರೆ ‘ಮಳೆ ಹೊಳವಾಯ್ತು’ ಅನ್ನುತ್ತಾರೆ. ಒದ್ದೆ ಬಟ್ಟೆ ಇಟ್ಟುಕೊಂಡವರು ಕಾಯುವುದು ಅದಕ್ಕೇ. ಫೋಟೊದವರು ಕಾಯುವುದೂ ಅದಕ್ಕೇ. ನನ್ನ ಮುಂದಿರುವ ಒಳ್ಳೆಯ ಚಿತ್ರಗಳಲ್ಲಿ ಹೆಚ್ಚಿನವು ಹೊಳವಿನವು. ಒಂದು ಮಳೆ ಮೂಡಣಕ್ಕೆ ಘಟ್ಟದ ಕಡೆ ಸರಿದಿದೆ. ಇನ್ನೊಂದು ಪಡುವಣ ಕಡಲ ಮೇಲೆ ಕಪ್ಪಾಗಿ ಬರುತ್ತಿದೆ. ನಡುವಿನ ಸಂದಿಯಿಂದ ಇಳಿಬಿಸಿಲು ಓರೆಯಾಗಿ ನೀರಿಗೆ ಬಿದ್ದಿದೆ. ಮರವಂತೆಯಲ್ಲಿ ಇನ್ನೊಂದು ಅನುಕೂಲ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಅರಬ್ಬೀ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಕಡಲು ನೊರೆಯೆದ್ದು ಕುದಿಯುತ್ತಿದ್ದರೂ, ಗಾಳಿ ಸ್ವಲ್ಪ ಇಳಿದರೆ ರಸ್ತೆ ದಾಟಿದ ಕೂಡಲೇ ಅದೇ ಮೋಡ ಹೊಳೆಯ ನೀರಿನಲ್ಲಿ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಕಡಲೂ ಖಾಲಿ. ಎಲ್ಲೋ ಒಂದು ನಾಡದೋಣಿ ಕಂಡರೆ ಅದೃಷ್ಟ.

‘ಹೊಳವು, ಮರವಂತೆ’ ಎಂದಷ್ಟೇ ಬರೆದರೆ ಸಾಕು ಅಂತ ನನ್ನ ವಾದ. ಆದರೆ ಬಯಲುಸೀಮೆಯಿಂದ ಬರುವವರಿಗೆ ಇದು ತಲುಪುತ್ತದೆಯೇ? ‘ಮಳೆ ಬಿಡುವು ಕೊಟ್ಟಿತು’ ಅನ್ನಬಹುದು, ಆದರೆ ಬಿಡುವಿನಲ್ಲಿ ಬೆಳಕಿನ ಮಾತಿಲ್ಲ. ನಿಮ್ಮ ಊರಲ್ಲಿ ಏನಂತಾರೆ, ದಯವಿಟ್ಟು ಬರೆಯಿರಿ.

‘ಮುಗಿಲು’ ಬಳಸಲು ಸ್ವಲ್ಪ ಅಂಜಿಕೆ. ಹಳಗನ್ನಡದ ಮುಗಿಲ್ ಮೋಡ. ಧಾರವಾಡದ ಕಡೆ ಮುಗಿಲು ಅಂದರೆ ಆಕಾಶವೇ. ‘ಮುಗಿಲು ಕಪ್ಪಾಗಿದೆ’ ಅಂದರೆ ಇಬ್ಬರಿಗೂ ಸರಿ. ‘ಮುಗಿಲಿಲ್ಲದ ಸಂಜೆ’ ಅಂದರೆ ಧಾರವಾಡದವರು ತಲೆ ಎತ್ತಿ ನೋಡಿಯಾರು! ‘ಕಾರ್ಮೋಡ’ಕ್ಕೆ ಈ ತೊಂದರೆಯಿಲ್ಲ. ಮುಂಗಾರಿನೊಳಗೂ ಅದೇ ‘ಕಾರ್’ ಕೂತಿದೆ.

ಸಂಜೆಯ ಚಿನ್ನದ ಬಣ್ಣಕ್ಕೆ ‘ಹೊಂಬಿಸಿಲು’ ಸಾಕು, ಚರ್ಚೆ ಬೇಡ. ಒಬ್ಬರು ‘ಗೋಧೂಳಿ’ ಅಂದಿದ್ದಾರೆ. ಮರವಂತೆಯ ಒದ್ದೆ ಮರಳಿನಲ್ಲಿ ದನವೂ ಇಲ್ಲ, ಧೂಳೂ ಇಲ್ಲ, ಬಿಟ್ಟುಬಿಡೋಣ. ಕಡಲಿಗೆ ಪತ್ರಿಕೆಯವರ ‘ಪ್ರಕ್ಷುಬ್ಧ’ವೂ ಬೇಡ. ‘ಕಡಲು ಜೋರಾಗಿದೆ’ ಅಂತ ಜನ ಆಡುವ ಮಾತೇ ಇದೆ.

ಒಂದು ಚಿತ್ರ ಮಾತ್ರ ಮಳೆಗಾಲದ್ದಲ್ಲ, ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ್ದು. ಮಳೆಗಾಲದಲ್ಲಿ ಅಲ್ಲಿಗೆ ಪ್ರವಾಸಿ ದೋಣಿ ಹೋಗುವುದಿಲ್ಲ. ಲಾವಾ ತಣಿದು ಕುಗ್ಗುವಾಗ ಬಿರಿದು ಆದ ಮೂಲೆಮೂಲೆಯ ಕಲ್ಲುಕಂಬಗಳು, ಹಿಂದೆ ಮುಳುಗುವ ಸೂರ್ಯ, ಕಲ್ಲೆಲ್ಲ ಬರೀ ಕಪ್ಪು. ಈ ಸಿಲೂಯೆಟ್‌ಗೆ ‘ನೆರಳುಚಿತ್ರ’ ಅನ್ನಲು ಮನಸ್ಸು ಬರುತ್ತಿಲ್ಲ, ಯಾಕಂದರೆ ನೆರಳು ನೆಲದ ಮೇಲೆ ಬೀಳುವಂಥದ್ದು. ಇಲ್ಲಿ ಕಪ್ಪಾಗಿರುವುದು ಕಲ್ಲೇ. ‘ಛಾಯಾಕೃತಿ’ಯೂ ಅದೇ ನೆರಳಿಗೆ ಮರಳುತ್ತದೆ. ನಿಮ್ಮಲ್ಲಿ ಬೇರೆ ಪದ ಇದೆಯೇ?

ಶಟರ್, ಟ್ರೈಪಾಡ್, ಫಿಲ್ಟರ್ ಹಾಗೇ ಇರಲಿ. ‘ಲಾಂಗ್ ಎಕ್ಸ್‌ಪೋಶರ್’ಗೆ, ಅಂದರೆ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ತೆಗೆದ ಚಿತ್ರಕ್ಕೆ, ‘ದೀರ್ಘಾವಧಿ ಒಡ್ಡಿಕೆ’ ಅಂತ ಬರೆದರೆ ತೆಗೆದವರಿಗೇ ತಿಳಿಯುವುದಿಲ್ಲ. ಇಲ್ಲೂ ನೀರು ಏನಾಗಿದೆ ಅಂತ ಹೇಳಿದರೆ ಆಯಿತು. ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೆ ಹಿಂದೆ ಸರಿಯುವ ತೆರೆಯ ನೊರೆ ಗೆರೆಗೆರೆಯಾಗಿ ಉಳಿಯುತ್ತದೆ. 30 ಸೆಕೆಂಡ್ ಬಿಟ್ಟರೆ ತೆರೆಯೇ ಕಾಣುವುದಿಲ್ಲ, ಬಂಡೆಗಳ ಸುತ್ತ ಮಂಜು ಹಬ್ಬಿದಂತಿರುತ್ತದೆ. ಒಂದಕ್ಕೆ ‘ನೊರೆಗೆರೆ’, ಇನ್ನೊಂದಕ್ಕೆ ‘ಮಂಜಾದ ಕಡಲು’ ಎಂದು ಬರೆದಿಟ್ಟಿದ್ದೇನೆ. ಆಕ್ಷೇಪ ಇದ್ದರೆ ತಿಳಿಸಿ.

‘ಹರೈಜನ್’ ಕೂಡ ಸ್ವಲ್ಪ ಕಾಡುತ್ತಿದೆ. ‘ಬಾನಂಚು’ ಚೆಂದ, ‘ದಿಗಂತ’ ಎಲ್ಲರಿಗೂ ಗೊತ್ತು. ‘ಕಡಲಂಚು’ ಅಂದರೆ ದಡವೋ, ಆಚೆಯ ಗೆರೆಯೋ ತಿಳಿಯುವುದಿಲ್ಲ. ನಾನು ಬಾನಂಚಿನ ಕಡೆ.

ಕೊನೆಯದು. ತೆರೆ ಬಂಡೆಗೆ ಬಡಿದಾಗ ಗಾಳಿಯಲ್ಲಿ ಹಾರಿ ಬಂದು ಲೆನ್ಸ್ ಮೇಲೆ ಉಪ್ಪಾಗಿ ಕೂರುವ ಆ ಸಣ್ಣ ಹನಿಗಳಿಗೆ ಏನನ್ನೋಣ? ಗಾಳಿಗೆ ಓರೆಯಾಗಿ ಜಗಲಿಗೆ ಬಡಿಯುವ ಮಳೆಗೆ ‘ಎರಚಲು’ ಅನ್ನುತ್ತೇವೆ ಅಲ್ವಾ. ಅದನ್ನೇ ಕಡಲಿಗೂ ಹಚ್ಚಿ ‘ಕಡಲ ಎರಚಲು’ ಅನ್ನಬಹುದೇ? ಹಳಗನ್ನಡದ ‘ಸೀರ್ಪನಿ’ಯೂ ನೆನಪಿಗೆ ಬರುತ್ತದೆ, ಆದರೆ ಅಡಿಬರಹಕ್ಕೆ ಅಡಿಟಿಪ್ಪಣಿ ಬೇಕಾದೀತು. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲಿ, ದೋಣಿಯವರ ಬಾಯಲ್ಲಿ ಕೇಳಿದ ಪದವನ್ನೇ ಬರೆಯಿರಿ. ಅಡಿಬರಹಗಳು ಇನ್ನೂ ಅಚ್ಚಿಗೆ ಹೋಗಿಲ್ಲ.