ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಪರೀಕ್ಷೆಗೆ ಕೊಟ್ಟ ಕಫ ವಾಪಸ್ ಯಾಕೆ ಬರುತ್ತದೆ?

ಪ್ರಶ್ನೆ (ಆಶಾ ಕಾರ್ಯಕರ್ತೆ, ಇಳಕಲ್ ಕಡೆ): ನಮಸ್ಕಾರ ಸರ್. ಗ್ರಾನೈಟ್ ಕ್ವಾರಿಯಾಗ ದುಡಿಯೋ ಒಬ್ಬರಿಗೆ ಮೂರು ವಾರದಿಂದ ಕೆಮ್ಮು ಐತಿ. ಹಿಂದ ಟಿಬಿ ಗುಳಿಗಿ ಅರ್ಧಕ್ಕ ಬಿಟ್ಟಾರ. ಸಿಬಿನಾಟ್‌ಗೆ ಕಳಿಸಿದ ಕಫ ‘ಬರೇ ಉಗುಳು’ ಅಂತ ವಾಪಸ್ ಬಂತು. ಮೈಕ್ರೋಸ್ಕೋಪ್‌ನಾಗ ನೋಡಿದ್ರ ಸಾಲೂದಿಲ್ಲೇನ್ರೀ?

ಉತ್ತರ (ಲ್ಯಾಬ್ ಟೆಕ್ನೀಷಿಯನ್, ಬಾಗಲಕೋಟೆ): ಸಾಲುವುದಿಲ್ಲ ಅಕ್ಕಾರೇ, ಇವರಿಗಂತೂ ಸಾಲುವುದೇ ಇಲ್ಲ. ಮೈಕ್ರೋಸ್ಕೋಪಿನಲ್ಲಿ ಕಾಣಲು ಒಂದು ಮಿಲಿ ಕಫದಲ್ಲಿ 5ರಿಂದ 10 ಸಾವಿರ ರೋಗಾಣು ಬೇಕು. ಕಂಡರೂ ಔಷಧಿ ನಾಟುತ್ತದೋ ಇಲ್ಲವೋ ತಿಳಿಯದು. ಗುಳಿಗೆ ನಡುವೆ ಬಿಟ್ಟವರಲ್ಲಿ ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್ ನಾಟದ ಟಿಬಿಯ ಅಪಾಯ ಹೆಚ್ಚು. ಟಿಬಿ ಇದೆಯೋ, ರಿಫಾಂಪಿಸಿನ್ ನಾಟುತ್ತದೋ ಎಂಬ ಎರಡೂ ಉತ್ತರವನ್ನು ಸಿಬಿನಾಟ್ ಸುಮಾರು ಎರಡು ತಾಸಿನಲ್ಲಿ ಕೊಡುತ್ತದೆ. ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡಲು, ವಾರಗಳೇ ಹಿಡಿಯುತ್ತವೆ.

ಕಫ ಮಾತ್ರ ಎದೆಯಿಂದಲೇ ಬರಬೇಕು. ಬೆಳಗ್ಗೆ ಎದ್ದ ಕೂಡಲೇ, ಏನೂ ತಿನ್ನದೆ, ಬರೀ ನೀರಿನಿಂದ ಬಾಯಿ ಮುಕ್ಕಳಿಸಲಿ. ಅನ್ನದ ಅಗುಳು, ಗುಟಕಾ ಸೇರಿದರೆ ಪರೀಕ್ಷೆಗೆ ಅಡ್ಡಿಯಾಗುತ್ತದೆ. ಅಂಗಳದಲ್ಲಿ, ಜನ ಇಲ್ಲದ ಕಡೆ ನಿಂತು ಎರಡು ಮೂರು ಸಲ ಉಸಿರು ಎಳೆದು ಹಿಡಿದು, ಆಮೇಲೆ ಜೋರಾಗಿ ಕೆಮ್ಮಲಿ. ಡಬ್ಬಿ ಓರೆ ಮಾಡಿ ನೋಡಿ: ಕಫ ಅಂಟಂಟಾಗಿ ನಿಧಾನ ಜಾರುತ್ತದೆ, ಉಗುಳು ನೊರೆ ಕಟ್ಟಿ ನೀರಿನಂತೆ ಓಡುತ್ತದೆ. 2 ಮಿಲಿ ಇರಲಿ. ಲ್ಯಾಬಿನಲ್ಲಿ ಅದಕ್ಕೆ ಎರಡು ಪಟ್ಟು ದ್ರಾವಣ ಬೆರೆಸಿ 15 ನಿಮಿಷ ಇಟ್ಟು, ಅದರಲ್ಲಿ 2 ಮಿಲಿಯನ್ನು ಯಂತ್ರದೊಳಗೆ ಇಡುವ ಕಾರ್ಟ್ರಿಜ್‌ಗೆ ಹಾಕುತ್ತೇವೆ. ಹೆಸರು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡ. ಮುಚ್ಚಳ ಅದಲುಬದಲಾದರೆ ರೋಗಿಯೇ ಬದಲಾದಂತೆ. ಇನ್ನು ನಮ್ಮ ಏಪ್ರಿಲ್ ಬಿಸಿಲಿಗೆ ಐಸ್‌ಪ್ಯಾಕ್ ಇಲ್ಲದೆ ಕಳಿಸಲೇಬೇಡಿ. 35 ಡಿಗ್ರಿ ದಾಟಿದರೆ ಕಫ ಕೆಡುತ್ತದೆ.

ಪ್ರಶ್ನೆ (ಸ್ಟಾಫ್ ನರ್ಸ್, ಮುಧೋಳ): ಎರಡು ತಿಂಗಳ ಗುಳಿಗೆ ಮುಗಿದ ಮೇಲೆ ವಾಸಿಯಾಯಿತೋ ಅಂತ ಮತ್ತೆ ಸಿಬಿನಾಟ್ ಮಾಡಿಸಬಹುದಾ?

ಉತ್ತರ: ಬೇಡ ಸಿಸ್ಟರ್. ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಅದು ‘ಇದೆ’ ಎಂದೇ ತೋರಿಸುತ್ತದೆ. ಗುಣ ನೋಡಲು ಸ್ಮಿಯರ್ (ಮೈಕ್ರೋಸ್ಕೋಪಿನ ಪರೀಕ್ಷೆ), ಕಲ್ಚರ್ ಬೇಕು.

ಆಶಾ ಕಾರ್ಯಕರ್ತೆ: ನಮ್ಮ ಕ್ವಾರಿಯವರು ಕೆಮ್ಮಿಗಂತ ಮೆಡಿಕಲ್‌ನಾಗ ಲಿವೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಗುಳಿಗಿ ಐದು ದಿನ ತಗೊಂಡಾರ. ಈಗ ಕಫ ಕೊಡಬಹುದೇನ್ರೀ?

ಉತ್ತರ: ನಾಳೆ ಬೆಳಗ್ಗೆಯೇ ಕೊಡಿಸಿ. ಆ ಗುಳಿಗೆ ಟಿಬಿಯನ್ನು ಅರೆಬರೆ ಅದುಮುತ್ತದೆ. ಕೆಮ್ಮು ತುಸು ಇಳಿಯುತ್ತದೆ, ಕಫದಲ್ಲಿ ರೋಗಾಣು ಕಡಿಮೆಯಾಗಿ ಪರೀಕ್ಷೆಯ ಕಣ್ಣು ತಪ್ಪಿಸಬಹುದು. ಅದಕ್ಕಿಂತ ದೊಡ್ಡ ಭಯ ಬೇರೆ: ರಿಫಾಂಪಿಸಿನ್ ನಾಟದವರಿಗೆ ಮುಂದೆ ಕೈಹಿಡಿಯುವ ಔಷಧಿಗಳಲ್ಲಿ ಅದೂ ಒಂದು, ಹೀಗೆ ನುಂಗಿದರೆ ಅದೂ ನಾಟದಂತಾಗಬಹುದು. ಗುಳಿಗೆಯ ಹೆಸರು, ತಾರೀಖು ಫಾರಂನಲ್ಲಿ ಬರೆದು ಡಾಕ್ಟರಿಗೂ ಹೇಳಿ. ರಿಪೋರ್ಟ್ ನೆಗೆಟಿವ್ ಬಂದು ಕೆಮ್ಮು ನಿಲ್ಲದಿದ್ದರೆ ಎದೆಯ ಎಕ್ಸ್‌ರೇ ತೆಗೆಸಿ, ಇನ್ನೊಂದು ಡಬ್ಬಿ ಕಳಿಸಿ.